ಬ್ರೇಕಕ್ಕನಿಗೊಂದು ಗಾಳಿಕೊಳವೆ

ಅಕ್ಕನಿಗೆ ಊರೆಲ್ಲ ಸೇರಿ ಇಟ್ಟ ಹೆಸರು ಬ್ರೇಕಕ್ಕ. ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಗಿದ್ದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ಊರಿಗೆ ಕಾರು ಕಲಿಸಿದವಳು. ಯಾರಾದರೂ ಪಳಗಿದರೆಂದು ಬಾಯಿಬಿಟ್ಟು ಹೊಗಳುವ ಜಾಯಮಾನ ಅವಳದಲ್ಲ. ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಕೂತುಬಿಡುತ್ತಿದ್ದಳು, ಅಷ್ಟೆ. "ನಾನು ಓಡಿಸುವಾಗ ಬ್ರೇಕಕ್ಕ ಕಾಲು ಮಡಚಿದ್ರು" ಎಂದು ಜಂಬ ಕೊಚ್ಚಿಕೊಳ್ಳುವವರು ಇವತ್ತಿಗೂ ಇದ್ದಾರೆ. ಆ ಭಾಗ್ಯ ಕಾಣದೆ ಉಳಿದವಳು ಒಬ್ಬಳೇ, ಸ್ವಂತ ತಂಗಿ.

ತಂಗಿ ಕಿಟಕಿ ಪರದೆ ಹೊಲಿಯುವವಳು. ಅಕ್ಕನ ಕಣ್ಣು ಮಂಜಾಗುತ್ತಾ ಬಂದು ಪೂರ್ತಿ ಹೋದಮೇಲೆ ಸ್ಕೂಲು ಮುಚ್ಚಿತು, ಕಾರು ತಂಗಿಯ ಪಾಲಿಗೆ ಬಂತು. ಪರದೆ ತಲುಪಿಸಲು ಹೊರಟಾಗಲೆಲ್ಲ ಅಕ್ಕ ಪಕ್ಕದಲ್ಲಿರುತ್ತಿದ್ದಳು, ಕಾಲು ಬ್ರೇಕಿನ ಮೇಲೆ. ತಂಗಿ ಸುಮ್ಮನಿರದೆ, ಉಳಿದ ದಪ್ಪ ಬಟ್ಟೆಯನ್ನೆಲ್ಲ ಬಾಗಿಲಿಗೂ ನೆಲಕ್ಕೂ ತುರುಕಿ, ಕಾರನ್ನು ಮನೆಯ ಹಜಾರದಷ್ಟು ನಿಶ್ಶಬ್ದ ಮಾಡಿ ಬೀಗಿದಳು. ಎಂಜಿನ್ ಸದ್ದು ಕೇಳದೆ ಅಕ್ಕನಿಗೆ ವೇಗದ ಅಂದಾಜು ತಪ್ಪಿತು. ಒಂದು ದಿನ ನಾಲ್ಕು ರಸ್ತೆ ಕೂಡುವಲ್ಲಿ, ಗಾಬರಿಯಾಗಿ ಬ್ರೇಕ್ ಒತ್ತಿಯೇಬಿಟ್ಟಳು. ಹಿಂದಿದ್ದ ಲಾರಿ ಕೂದಲೆಳೆಯ ಅಂತರದಲ್ಲಿ ನಿಂತಿತು.

"ಕಣ್ಣಿಲ್ಲದವಳ ಕಾಲಡಿ ಬ್ರೇಕ್ ಇರಬಾರ್ದು. ನಾನಿನ್ನು ಕಾರು ಹತ್ತಲ್ಲ," ಎಂದಳು ಅಕ್ಕ. ಆಮೇಲೆ ಅವಳು ಹೊಸ್ತಿಲು ದಾಟುವುದೂ ಕಡಿಮೆಯಾಯಿತು. ತಂಗಿಗೆ ಅದನ್ನು ನೋಡಲಾಗಲಿಲ್ಲ. ಬಟ್ಟೆಯನ್ನೆಲ್ಲ ಕಿತ್ತು ನೋಡಿದಳು, ಎಂಜಿನ್ನಿಗಿಂತ ಬಾಗಿಲಿನ ಗಡಗಡವೇ ಜೋರಾಯಿತು. ಕೊನೆಗೆ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದಳು.

"ಆ ಬ್ರೇಕನ್ನೇ ಕಿತ್ತಾಕಿದ್ರೆ ಆಯ್ತಲ್ಲ," ಎಂದ ಮೆಕ್ಯಾನಿಕ್.

"ಅವಳ ಕಾಲ ಕೆಳಗಿಂದ ಕಿತ್ಕೊಳ್ಳೋದಾ? ನಾಲಿಗೆ ಬಿಗಿಹಿಡಿದು ಮಾತಾಡಿ. ನನಗೆ ಬೇಕಾಗಿರೋದು ಅವಳಿಗೆ ಎಂಜಿನ್ ಕೇಳಿಸೋದು."

ಅವನು ತಲೆ ಕೆರೆದುಕೊಂಡು ಹೇಳಿದ. ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದನ್ನು ಕಂಪನಿಯವರು ಕೂರಿಸಿದ ಏರ್ ಫಿಲ್ಟರ್ ಡಬ್ಬಿ ಅಡಗಿಸಿಬಿಡುತ್ತದೆ. ಅದನ್ನು ತೆಗೆದು ಕೋಲ್ಡ್ ಏರ್ ಇನ್‌ಟೇಕ್ ಅನ್ನುವ ಗಾಳಿಕೊಳವೆ ಹಾಕಿದರೆ ಹೊರಗಿನ ತಣ್ಣನೆ ಗಾಳಿ ಬರುತ್ತದೆ, ಎಂಜಿನ್ನಿನ ಉಸಿರಾಟವೂ ಕೇಳುತ್ತದೆ. "ಸ್ವಲ್ಪ ಪವರೂ ಜಾಸ್ತಿ ಆಗುತ್ತೆ."

"ಪವರ್ ತಗೊಂಡು ಪರದೆ ಹಾರಿಸ್ಲಾ? ಇರೋದನ್ನೆಲ್ಲ ಮನೆಗೇ ತನ್ನಿ. ಆರಿಸೋ ಕಿವಿ ಅಲ್ಲಿದೆ."

ಅವನು ಮೂರು ಬಗೆಯದನ್ನು ತಂದ. ಅಕ್ಕ ಮೆಟ್ಟಿಲ ಮೇಲೆ ಕೂತು, ಮುಖ ಊದಿಸಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಮೊದಲನೆಯದು ಫಳಫಳ ಹೊಳೆಯುವ ಗಿಡ್ಡ ಕೊಳವೆ. ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದು ಗೊರಗೊರ ಎಂದಿತು.

"ಇದೇನು, ಗೂಳಿಗೆ ನೆಗಡಿಯಾ?" ಅಕ್ಕ ತಲೆ ಎತ್ತಲಿಲ್ಲ.

ಎರಡನೆಯದು ಅಗಲ ಬಾಯಿಯದು. ಬಹಳ ಹೊತ್ತು ಗಪ್‌ಚುಪ್ ಇದ್ದು ಒಮ್ಮೆಲೇ ಆರ್ಭಟಿಸಿತು.

"ಅರಚಿದ ಮೇಲೆ ಗೊತ್ತಾಗಿ ಏನು ಬಂತು?"

ಮೂರನೆಯದು ಮೆರುಗಿಲ್ಲದ ಕಪ್ಪು ಕೊಳವೆ, ಉದ್ದಕ್ಕೆ ಇಳಿದು ಬಂಪರಿನ ಹಿಂದೆ ಬಾಯಿ ತೆರೆಯುವಂಥದ್ದು. ನೀರು ನಿಂತಲ್ಲಿ ಕಾರು ಇಳಿಸಿದರೆ ಎಂಜಿನ್ ನೀರು ಕುಡಿಯುತ್ತದೆ ಎಂದು ಎಚ್ಚರಿಸಿಯೇ ಅವನು ಜೋಡಿಸಿದ. ಆಕ್ಸಿಲರೇಟರ್ ಒತ್ತಿದಂತೆ ಸದ್ದು ಸಣ್ಣಗೆ ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿತು. ಬಟಾಣಿಯೊಳಗೆ ಅಕ್ಕನ ಕೈ ನಿಂತುಹೋಯಿತು.

"ಗೇರ್ ಬದಲಾಯಿಸಪ್ಪಾ! ಎಷ್ಟು ಹೊತ್ತು ಗೋಳಾಡಿಸ್ತೀಯ ಅದನ್ನ!"

ನಿಂತ ಕಾರಿಗೆ ಗೇರ್ ಹಾಕುವುದೆಲ್ಲಿಂದ ಬಂತು? ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ. ತಂಗಿ ನಗಲಿಲ್ಲ. "ಇದೇ ಇರ್ಲಿ, ಬಿಗಿ ಮಾಡಿ," ಎಂದವಳೇ ಪಕ್ಕದ ಬಾಗಿಲು ತೆರೆದಳು. "ಅಕ್ಕಾ, ಇದರ ಭಾಷೆ ನಂಗೆ ಬರಲ್ಲ. ಕೂತು ಹೇಳ್ಕೊಡು."

"ಬ್ರೇಕು?"

"ಇದ್ದಲ್ಲೇ ಇದೆ."

ಅಕ್ಕ ಗೊಣಗುತ್ತಲೇ ಹತ್ತಿದಳು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎಂಜಿನ್ ಉಸಿರು ಬಿಗಿಯಾದಂತೆಲ್ಲ ಹೇಳುತ್ತಾ ಹೋದಳು: "ಮೂರಕ್ಕೆ ಹಾಕು. ಇಷ್ಟು ಸಾಕು, ಕಾಲು ತೆಗಿ." ಹಳೆಯ ಗದರಿಕೆ ಮರಳಿ ಬಂದಿತ್ತು, ತಂಗಿಗೆ ಹಿತವಾಯಿತು. ಸೇತುವೆಯ ಕೆಳಗಿನ ರಸ್ತೆಯಲ್ಲಿ ನೀರು ನಿಂತಿತ್ತು. ತಂಗಿ ಯಾರನ್ನೂ ಕೇಳದೆ ಕಾರು ತಿರುಗಿಸಿ ಕಡಿದಾದ ಏರುದಾರಿ ಹಿಡಿದಳು. ಅರ್ಧ ಏರಿನಲ್ಲಿ ಕೊಳವೆಯ ದನಿ ಕುಗ್ಗಿತು. ಅಕ್ಕ ಬಾಯಿ ತೆರೆದಳು. ಅವಳಿಂದ ಮಾತು ಹೊರಡುವ ಮೊದಲೇ ತಂಗಿ ಎರಡನೇ ಗೇರಿಗೆ ಇಳಿಸಿದ್ದಳು. ಕಾರು ಒಂದಿಷ್ಟೂ ಜಗ್ಗದೆ ಏರತೊಡಗಿತು. ಅಕ್ಕ ಬಾಯಿ ಮುಚ್ಚಿದಳು.

ಆಮೇಲೆ ಕೆಳಗೆ ಚಪ್ಪಲಿ ಬಿದ್ದ ಸದ್ದಾಯಿತು. ಒಂದು. ಇನ್ನೊಂದು.

ತಂಗಿ ತಡೆಯಲಾರದೆ ಓರೆಗಣ್ಣಲ್ಲಿ ನೋಡಿದಳು. ಅಕ್ಕ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಮಹಾರಾಣಿಯ ಹಾಗೆ ಕೂತಿದ್ದಳು. ತಂಗಿಯ ಎದೆ ಹೆಮ್ಮೆಯಿಂದ ತುಂಬಿ ಬಂತು, ಕಣ್ಣೂ ತುಂಬಿತು.

"ರಸ್ತೆ ನೋಡೇ," ಎಂದಳು ಅಕ್ಕ. "ನನ್ನ ಕಾಲೇನು ನೋಡ್ತೀಯ?"