ಎಡಚ ರಾಜನ ಪಿಚ್ಚರ್

ಶೇಂಗಾ ಸಿಪ್ಪೆ ಕಾಲಿಗೆ ಚುಚ್ಚುತ್ತಿದೆ, ನಿನ್ನೆಯ ಆಟದವರು ತಿಂದು ಬಿಸಾಡಿದ್ದು, ಗುಡಿಸುವುದಕ್ಕೇನು ರೋಗ ಈ ಟೆಂಟಿನವರಿಗೆ, ಶಿರಾಳಕೊಪ್ಪದ ಸಂತೆ ಮುಗಿಸಿದವರೆಲ್ಲ ಸೀದಾ ಇಲ್ಲಿಗೇ ಬಂದಿದ್ದಾರೆ, ಮೆಣಸಿನಕಾಯಿ ಚೀಲದ ಸಮೇತ, ಯಾರೋ ಸೀನಿದರು, ದೀಪ ಆರಿತು, ನೆಲದ ಮೇಲೆ ಕೂತವರೆಲ್ಲ ಹೋ ಎಂದರು, ನಾನೂ ಹೋ ಎಂದೆ, ಅತ್ತೆ ತಿರುಗಿ ನೋಡಿದರು — ನೋಡಲಿ, ನಾಲ್ಕು ವರ್ಷದಿಂದ ಕಾದಿದ್ದೇನೆ ಈ ರಾಜನಿಗೆ. ಹಳೇ ಪಿಚ್ಚರ್ ಕಣ್ರೇ, ಗೀಚಿ ಗೀಚಿ ಮಳಿ ಸುರಿದಂಗೆ ಕಾಣ್ತತಿ, ಎಂದು ಮುಂದೆ ಕೂತ ತಿಮ್ಮಮ್ಮ ಆಗಲೇ ತೀರ್ಪು ಕೊಟ್ಟಾಯಿತು, ನಮ್ಮ ಪಕ್ಕದ ಮನೆಯವಳು, ದೇವರ ಪ್ರಸಾದಕ್ಕೂ ಉಪ್ಪು ಕಡಿಮೆ ಎನ್ನುವವಳು. ಹಳೆಯದಾದರೇನು, ಉಪ್ಪಿನಕಾಯಿಯೂ ಹಳೆಯದೇ. ನನ್ನ ಮಗಳು ಚೌಡೇಶ್ವರಿ, ಒಂಬತ್ತು ವರ್ಷ, ಪರದೆಯ ಮೇಲೆ ಬಂದ ಹೆಸರುಗಳನ್ನೆಲ್ಲ ಅಕ್ಷರ ಕೂಡಿಸಿ ಓದುತ್ತಿದ್ದಾಳೆ, ಬಾಯಿ ತುಂಬ ಮಂಡಕ್ಕಿ, ಅಜ್ಜಿಯ ಮಡಿಲಿನಿಂದ ತೆಗೆದು ತೆಗೆದು ತಿನ್ನುತ್ತಾಳೆ, ಎಡಗೈಯಲ್ಲಿ. ಆ ಎಡಗೈ. ಅದನ್ನೇ ಅಲ್ಲವೇ ಅತ್ತೆ ಊಟದ ಹೊತ್ತಿಗೆ ಸೊಂಟಕ್ಕೆ ಕಟ್ಟುತ್ತಿದ್ದದ್ದು, ಹಳೇ ಸೀರೆಯ ಕೆಂಪಂಚು ಹರಿದು ಮಾಡಿದ ಪಟ್ಟಿಯಿಂದ, ಎಡಚಿಯನ್ನ ಯಾರು ಕಟ್ಕೊಂತಾರೆ, ಬಡಿಸಿದ್ದನ್ನ ಯಾರು ಉಣ್ತಾರೆ, ಬಿಗಿಯೇ ಯಮುನಿ ಇನ್ನೊಂದು ಗಂಟು — ನಾನೇ ಬಿಗಿದೆ, ಈ ಕೈಯಾರೆ, ಮಗು ಬಲಗೈಯಲ್ಲಿ ಅನ್ನ ಚೆಲ್ಲಿಕೊಂಡು ಅಳುತ್ತಿತ್ತು, ಒಲೆಯ ಕಡೆ ಮುಖ ಮಾಡಿ ನಾನೂ ಅಳುತ್ತಿದ್ದೆ.

ಆಮೇಲೆ ತವರೂರು ಜಡೆಗೆ ಹೋದದ್ದು, ಅಲ್ಲಿಂದ ಅವ್ವನ ಜೊತೆ ಬಸ್ಸಿನಲ್ಲಿ ಸೊರಬಕ್ಕೆ, ನನ್ನ ಜನ್ಮದ ಮೊದಲನೇ ಪಿಚ್ಚರ್, ಟೆಂಟಿನ ತುಂಬ ಜನ, ಬಾಗಿಲಲ್ಲಿ ನಿಂತವನು ಹೆಂಗಸರ ಕಡೆ ಜಾಗ ಇಲ್ಲ ಅಮ್ಮ, ಪರದೆ ಹಿಂದೆ ಕೂತ್ಕಳಿ, ಅದೇ ರಾಜ ಅದೇ ರಾಣಿ, ಏನೂ ವ್ಯತ್ಯಾಸ ಇಲ್ಲ ಎಂದ, ಕೂತೆವು, ಚೆನ್ನಾಗಿಯೇ ಕಂಡಿತು. ರಾಣಿ ಸ್ವಲ್ಪ ದಪ್ಪ, ಪಾಪ, ಹಾಡು ಮುಗಿಯುವಷ್ಟರಲ್ಲಿ ಒಂದು ಸೇರು ಅಕ್ಕಿ ಆರಿಸಬಹುದಿತ್ತು, ಎಲ್ಲರಿಗಿಂತ ಕುದುರೆಯೇ ಚೆಂದ ಆಕ್ಟಿಂಗ್ ಮಾಡಿತು — ಆದರೆ ರಾಜ! ಕತ್ತಿ ಹಿರಿದ, ಎಡಗೈಯಲ್ಲಿ. ದಾನ ಕೊಟ್ಟ, ಎಡಗೈಯಲ್ಲಿ. ಕಾಡಿನಲ್ಲಿ ದಾರಿ ತಪ್ಪಿ ಕುಂಬಾರನ ಗುಡಿಸಲಲ್ಲಿ ಮುದ್ದೆ ಮುರಿದು ಉಂಡ, ಎಡಗೈಯಲ್ಲಿ, ಮಂತ್ರಿಯೂ ಹಾಗೆ, ಮಂಗಳಾರತಿ ಎತ್ತಿದ ಪೂಜಾರಿಯೂ ಹಾಗೆ, ಇಡೀ ದೇಶವೇ ಎಡಚರದು, ಯಾರೂ ಯಾರನ್ನೂ ಬಯ್ಯಲಿಲ್ಲ, ಯಾರ ಸೊಂಟದಲ್ಲೂ ಪಟ್ಟಿ ಇರಲಿಲ್ಲ, ನಾನು ಕತ್ತಲಲ್ಲಿ ಕೂತು ನಗುತ್ತ ಅತ್ತುಬಿಟ್ಟೆ. ಮನೆಗೆ ಬಂದವಳೇ ಅತ್ತೆಯ ಎದುರು ನಿಂತು, ಅಂಥಾ ರಾಜನೇ ಎಡಚ, ಅವನಿಗೆ ಇಲ್ಲದ ದೋಷ ನನ್ನ ಮಗಳಿಗೆ ಎಲ್ಲಿಂದ ಬಂತು ಎಂದುಬಿಟ್ಟೆ, ಪರದೆ ಹಿಂದೆ ಕೂತದ್ದನ್ನು ಮಾತ್ರ ಹೇಳಲಿಲ್ಲ, ಜಾಗ ಸಿಗದೆ ಮೂಲೆಯಲ್ಲಿ ಕೂತೆ ಎಂದರೆ ತವರಿನ ಮಾನ ಏನಾಗಬೇಕು. ಮೂರನೆಯ ದಿನ ಅತ್ತೆ ಪಟ್ಟಿ ಬಿಚ್ಚಿ ತಮ್ಮ ಎಲೆಅಡಿಕೆ ಚೀಲದ ಬಾಯಿಗೆ ದಾರ ಮಾಡಿಕೊಂಡರು, ಆಮೇಲಂತೂ ಕೇಳಬೇಡ, ನೀರಿಗೆ ಹೋದಲ್ಲಿ, ಕಳೆ ತೆಗೆಯುವಲ್ಲಿ, ಶಾಲೆಯ ಮೇಷ್ಟರ ಎದುರಿಗೂ ಅದೇ ಮಾತು, ನಮ್ಮ ಚೌಡಿ ಕೈ ರಾಜನ ಕೈ ಕಣ್ರೀ.

ಬಂದ, ಬಂದ, ಕುದುರೆ ಬಂತು — ಇದೇನು, ಈ ಕಡೆಯಿಂದ ಬಂತು, ಸೊರಬದಲ್ಲಿ ಆ ಕಡೆಯಿಂದ ಬಂದಿತ್ತಲ್ಲ, ಕತ್ತಿ ಹಿರಿದ, ಅಯ್ಯೋ ದೇವರೇ ಬಲಗೈಯಲ್ಲಿ ಹಿರಿದ. ಇರಲಿ, ಒಂದು ಸಲ ಇರಬಹುದು, ಕೈ ನೋವಿರಬಹುದು. ಮಂತ್ರಿಯೂ ಬಲಗೈ. ಪೂಜಾರಿಯೂ ಬಲಗೈ. ಬೇರೆ ಪಿಚ್ಚರೇ? ಅಲ್ಲ, ರಾಣಿ ಅದೇ ದಪ್ಪ, ಹಾಡು ಅದೇ ಉದ್ದ. ಕನ್ನಡಿಯ ಮುಂದೆ ಕುಂಕುಮ ಇಡುವಾಗ ಒಳಗಿರುವವಳು ಯಾವ ಕೈ ಎತ್ತುತ್ತಾಳೆ — ಹಿಂದೆ, ನಾನು ಪರದೆಯ ಹಿಂದೆ ಕೂತಿದ್ದೆ, ಅಯ್ಯೋ ಪೆದ್ದಿ, ಏನೂ ವ್ಯತ್ಯಾಸ ಇಲ್ಲ ಅಂದನಲ್ಲ ಆ ಪುಣ್ಯಾತ್ಮ, ಎಡಚರ ದೇಶ ಎಲ್ಲಿಯೂ ಇರಲಿಲ್ಲ, ಬಟ್ಟೆಯ ಹಿಂದೆ ಮಾತ್ರ ಇತ್ತು. ನಗು ಬರುತ್ತಿದೆ, ಹೆದರಿಕೆಯೂ, ಎರಡೂ ಒಟ್ಟಿಗೆ. ಅತ್ತೆ ಅಲುಗಾಡುತ್ತಿಲ್ಲ. ಕುಂಬಾರನ ಗುಡಿಸಲು ಬಂತು, ಬೇಡಪ್ಪ, ಮುದ್ದೆ ಮುರಿಯಬೇಡ, ಉಪವಾಸ ಇರು ಇವತ್ತೊಂದು ದಿನ — ಮುರಿದ, ಬಲಗೈಯಲ್ಲಿ, ಅಲ್ಲಿಗೇ ರೀಲು ಮುಗಿದು ದೀಪ ಹತ್ತಿತು.

ತಿಮ್ಮಮ್ಮ ಪೂರ್ತಿ ಅತ್ತೆಯ ಕಡೆಗೆ ತಿರುಗಿ ಕೂತಳು. ಏನ್ ಹುಲಿಯಕ್ಕ, ನಿಮ್ಮ ರಾಜ ಬಲಗೈಯಾಗೇ ಉಣ್ತಾನಲ್ಲ, ನಾಕು ವರ್ಷ ಊರಿಗೆಲ್ಲ ಸಾರ್ಕೊಂಡು ಬಂದ್ರಿ. ಸುತ್ತ ಕೂತವರು ನಗುತ್ತಿದ್ದಾರೆ, ಚೌಡಿ ಮಂಡಕ್ಕಿಗೆ ಚಾಚಿದ ಕೈಯನ್ನು ಮೆಲ್ಲಗೆ ಲಂಗದ ಕೆಳಗೆ ಸರಿಸುತ್ತಾಳೆ, ನಾನು ನೋಡಿದೆ, ಅತ್ತೆಯ ಬೆರಳು ಚೀಲದ ಬಾಯಿಗೆ ಹೋಗುತ್ತಿದೆ, ಆ ಕೆಂಪಂಚಿನ ಪಟ್ಟಿಗೆ, ಗಂಟು ಬಿಚ್ಚುತ್ತಿದ್ದಾರೆ, ಬೇಡ ಅತ್ತೆ, ತಪ್ಪು ನನ್ನದು, ಕಟ್ಟುವುದಾದರೆ ನನ್ನ ಕೈ ಕಟ್ಟಿ — ಅತ್ತೆ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿ ಮಾಡಿಕೊಂಡರು. ಈ ಟೆಂಟಿನೋರಿಗೆ ಪರದೆ ಬಟ್ಟಿ ಕಟ್ಟಾಕೂ ಬರಂಗಿಲ್ಲ ತಿಮ್ಮಿ, ಉಲ್ಟಾ ಕಟ್ಯಾರೆ, ಸೊರಬದೋರು ಸರಿಯಾಗಿ ಕಟ್ಟಿದ್ರು, ನಮ್ಮ ಯಮುನಿ ನೋಡಿ ಬಂದಿಲ್ಲೇನು. ಪಟ್ಟಿ ಜಾರಿ ಶೇಂಗಾ ಸಿಪ್ಪೆಯ ಮೇಲೆ ಬಿತ್ತು, ಅತ್ತೆ ಎತ್ತಿಕೊಳ್ಳಲಿಲ್ಲ, ಚೀಲದೊಳಗಿಂದ ಒಂದು ತುಂಡು ಬೆಲ್ಲ ತೆಗೆದರು, ಚೌಡಿಯ ಲಂಗದ ಕೆಳಗೆ ಕೈ ಹಾಕಿ ಅಡಗಿದ ಆ ಕೈಯನ್ನೇ ಹುಡುಕಿ ಎಳೆದರು, ಹಿಡಿಯೇ ನನ್ನ ರಾಜ ಎಂದರು. ದೀಪ ಆರಿತು, ಕುದುರೆ ಓಡುತ್ತಿರಬೇಕು, ಜನ ಹೋ ಎನ್ನುತ್ತಿರಬೇಕು, ರಾಣಿ ಹಾಡುತ್ತಿರಬೇಕು, ನನಗೆ ಕಾಣುತ್ತಿರುವುದು ಚೌಡಿಯ ಕೈ, ಅಂಗೈಯಲ್ಲಿ ಬೆಲ್ಲ, ಬೆಳಕು ಬಿದ್ದ ಐದು ಬೆರಳು, ಎಡಗೈ, ಬಿಚ್ಚಿದ ಎಡಗೈ —