ಗೈರುಹಾಜರು

ಆಸ್ಪತ್ರೆಯ ಬೀಗ ತೆಗೆಯುವವಳು ಪಕ್ಕೀರಮ್ಮ. ಬೆಳಿಗ್ಗೆ ಎಂಟಕ್ಕೆ ಬಂದು ಕಸ ಹೊಡೆದು, ಫಿನಾಯಿಲ್ ಹಾಕಿ ನೆಲ ಒರೆಸಿ, ಬಂದವರನ್ನು ಸಾಲಾಗಿ ಕೂರಿಸುವವಳೂ ಅವಳೇ. ಡಾಕ್ಟರು ದಾವಣಗೆರೆಯಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಬಂದ ದಿನವೇ ವಾರದ ಸಹಿಯೆಲ್ಲ ಹಾಕಿ ಹೋಗುವವರು. ನರ್ಸ್ ಗಂಗಾಂಬಿಕಾ ಬಸ್ಸಿಳಿಯುವಾಗ ಹನ್ನೊಂದೂವರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂಬತ್ತು.

"ಯಾರರ ಕೇಳಿದ್ರ ಫೀಲ್ಡಿಗೆ ಹೋಗ್ಯಾರ, ಈಗ ಬರ್ತಾರ ಅನ್ನು," ಎಂದು ಗಂಗಾಂಬಿಕಾ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಗುತ್ತಿಗೆಯ ಕೆಲಸ. ಅವರು ಬೇಡವೆಂದರೆ ನಾಳೆಯಿಂದ ಇಲ್ಲ. ಆರು ವರ್ಷ ಪಕ್ಕೀರಮ್ಮ ಆ ಮಾತನ್ನೇ ಹೇಳುತ್ತ ಬಂದಳು.

ಹೋದ ಶ್ರಾವಣದ ಒಂದು ಬುಧವಾರ. ಡಾಕ್ಟರು ಬರುವ ದಿನವಲ್ಲ. ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮಂಜಮ್ಮನಿಗೆ ಹಾವು ಕಚ್ಚಿತು. ಗಂಡ ದುರುಗಣ್ಣ ಆಟೋದಲ್ಲಿ ಹಾಕಿಕೊಂಡು ಬಂದಾಗ ಒಂಬತ್ತೂ ಕಾಲು.

"ಡಾಕ್ಟ್ರು ಎಲ್ಲಿ ಯಕ್ಕಾ?"

"ಫೀಲ್ಡಿಗೆ ಹೋಗ್ಯಾರ, ಈಗ ಬರ್ತಾರ." ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಆ ಮಾತು ನಂಬಿ ದುರುಗಣ್ಣ ಆಟೋ ವಾಪಸ್ ಕಳಿಸಿದ. ಪಕ್ಕೀರಮ್ಮ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಫೋನು ಹಚ್ಚಿದಳು. ಅರ್ಧ ತಾಸಿನ ಮೇಲೆ ಗಂಗಾಂಬಿಕಾ ಎತ್ತಿದಳು.

"ಹಾವಿನ ಇಂಜೆಕ್ಷನ್ ಫ್ರಿಜ್ಜಿನಾಗ ಐತಲ್ರಿ ಸಿಸ್ಟರ್?"

"ಚಾವಿ ನನ್ನ ಹತ್ರ ಐತಿ. ನಾ ಇನ್ನೂ ಬಸ್ಸಿನಾಗ ಅದೀನಿ. ಹಡಗಲಿ ದೊಡ್ಡಾಸ್ಪತ್ರಿಗೆ ಕಳಿಸು."

ಅಷ್ಟರಲ್ಲಿ ಮಂಜಮ್ಮನ ರೆಪ್ಪೆಗಳು ಇಳಿಬಿದ್ದಿದ್ದವು. ಪಕ್ಕೀರಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಯಾರೂ ಬರಂಗಿಲ್ಲಪ್ಪ. ನಾ ಸುಳ್ಳು ಹೇಳಿದೆ. ಗಾಡಿ ತಗೊಂಬಾ, ಓಡು!"

ಬೇರೆ ಗಾಡಿ ಸಿಗುವುದಕ್ಕೆ ಮತ್ತೆ ಹೊತ್ತು ಹಿಡಿಯಿತು. ದಾರಿಯಲ್ಲೇ ಮಂಜಮ್ಮನ ಉಸಿರು ನಿಂತಿತು.

ಹದಿನೈದು ದಿನಕ್ಕೆ ವಿಚಾರಣೆಗೆಂದು ಒಬ್ಬ ಸಾಹೇಬರು ಬಂದರು. ಅಂಗಳದಲ್ಲಿ ಊರೇ ನೆರೆದಿತ್ತು. ಡಾಕ್ಟರು ಪುಸ್ತಕ ತೆರೆದಿಟ್ಟರು. ಆ ಬುಧವಾರ, ಇಬ್ಬರ ಸಹಿ, ಒಂಬತ್ತು ಗಂಟೆ.

ಪಕ್ಕೀರಮ್ಮನ ಹೆಸರಿನಲ್ಲಿ ಹೇಳಿಕೆಯೂ ತಯಾರಿತ್ತು. ಗಂಗಾಂಬಿಕಾ ಓದಿ ಹೇಳಿದಳು: ಸಿಬ್ಬಂದಿ ಹಾಜರಿದ್ದರು, ರೋಗಿಯನ್ನು ಒಳಗೆ ಕರೆತರಲೇ ಇಲ್ಲ.

"ಹೆಬ್ಬಟ್ಟು ಒತ್ತು ಪಕ್ಕೀರಮ್ಮ. ನಿನ್ನ ಕೆಲಸಕ್ಕ ಏನೂ ಆಗಂಗಿಲ್ಲ."

ಪಕ್ಕೀರಮ್ಮ ಶಾಯಿಯ ಡಬ್ಬಿಯನ್ನು ಹಿಂದಕ್ಕೆ ದೂಡಿದಳು.

"ಒತ್ತಂಗಿಲ್ರಿ. ಅವತ್ತು ಇವರಿಬ್ರೂ ಇರ್ಲಿಲ್ರಿ ಸಾಹೇಬ್ರ, ನಾ ಒಬ್ಬಾಕಿನ ಇದ್ದೆ. ಬರ್ತಾರ ಅಂತ ಸುಳ್ಳು ಹೇಳಿ ಕುಂದ್ರಿಸಿದಾಕಿನೂ ನಾನ. ಆ ಹುಡುಗಿ ಸತ್ತದ್ರಾಗ ನಂದೂ ತಪ್ಪೈತಿ. ಅದನ್ನ ಬರ್ಕೊಳ್ರಿ."

ಸಾಹೇಬರು ಪುಸ್ತಕದ ಹಾಳೆ ತಿರುವಿದರು. "ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲ?"

"ನಮ್ದು ಗುತ್ತಿಗೆದಾರ್ರು ಬರ್ಕೊಂತಾರ್ರಿ."

ಸಾಹೇಬರು ಗುತ್ತಿಗೆದಾರನಿಗೆ ಫೋನು ಮಾಡಿ ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಮೂಲೆಗೆ ಹೋಗಿ ಮಾತಾಡಿ ಬಂದು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು.

"ಅವತ್ತು ಇವಳು ಗೈರುಹಾಜರಂತೆ," ಎಂದರು ಸಾಹೇಬರು ಬರೆಯುತ್ತಲೇ. "ಇಲ್ಲದವಳ ಸಾಕ್ಷಿ ಹೇಗೆ ತಗೊಳ್ಳೋದು?"



ಜನರ ನಡುವಿನಿಂದ ದುರುಗಣ್ಣ ಎದ್ದ. ಹದಿನೈದು ದಿನ ಅವನು ಪಕ್ಕೀರಮ್ಮನ ಮುಖ ನೋಡಿರಲಿಲ್ಲ.

"ನನ್ನ ಹೇಣ್ತಿ ತಲಿ ಈಕಿ ತೊಡಿ ಮ್ಯಾಲಿತ್ರಿ ಸಾಹೇಬ್ರ. ಈಕಿ ಇರ್ಲಿಲ್ಲಂದ್ರ, ನನ್ನ ಹೇಣ್ತಿನೂ ಬಂದಿರ್ಲಿಲ್ಲೇನ್ರಿ? ಸತ್ತಿದ್ದೂ ಸುಳ್ಳೇನ್ರಿ?"

"ಈಕಿ ಇದ್ಲು. ನಾ ಕಂಡೀನಿ," ಅವತ್ತು ಸಾಲಿನಲ್ಲಿ ಕೂತಿದ್ದ ಒಬ್ಬಳು ಹಿಂದಿನಿಂದ ಕೂಗಿದಳು.

"ನಾನೂ ಕಂಡೀನಿ," ಇನ್ನೊಬ್ಬಳು.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಬರೆಯುವುದು ಮುಗಿದಿತ್ತು.