ದಾಸವಾಳದ ಮೂಲೆ

ಮಗ್ಗುಲ ರಸ್ತೆಗೆ ಕಾಂಕ್ರೀಟು ಬಿದ್ದು ಮೊಣಕಾಲೆತ್ತರ ಏರಿದಾಗಿನಿಂದ, ಬೀದಿಯ ಮೇಲೆ ಸುರಿದ ಮಳೆಯೆಲ್ಲ ಹೆಮ್ಮರಗಾಲದ ಸಿದ್ದರಾಜುವಿನ ಹಿತ್ತಲಿಗೇ ಇಳಿಯುತ್ತಿತ್ತು. ಇಳಿದ ನೀರು ಹೋಗುವ ದಾರಿ ಕಾಣದೆ ವಾರಗಟ್ಟಲೆ ನಿಂತು ನಾರುತ್ತಿತ್ತು. ಮಗಳು ಲಿಖಿತಾಳ ನಿಶ್ಚಿತಾರ್ಥವನ್ನು ಅಲ್ಲೇ ಶಾಮಿಯಾನ ಹಾಕಿ ಮಾಡುವುದೆಂದು ಮಾತಾದ ಮೇಲೆ, ತಾಂಡ್ಯದ ಕಾರ್ಖಾನೆಗೆ ಹೋಗುವ ಮಗ ಮಹೇಂದ್ರ ಒಂದು ಉಪಾಯ ತಂದ. ಅಲ್ಲಿನ ಆಫೀಸಿನ ಮುಂದೆ ಹಾಸಿದ್ದಾರಂತೆ, ಪ್ಲಾಸ್ಟಿಕ್ ಹುಲ್ಲು. ಬೆಳೆಯುವುದಿಲ್ಲ, ಒಣಗುವುದಿಲ್ಲ, ಕೆಸರಿಲ್ಲ.

ಹುಲ್ಲು ಹಾಸುವ ನಿಂಗರಾಜು ಬಂದು ಹಿತ್ತಲನ್ನು ಅಳೆದ.

"ಹುಲ್ಲು ಆಸೋದು ದೊಡ್ಡದಲ್ಲ ಯಜಮಾನ್ರೇ. ಅಡೀಲಿ ನೀರ್ ನಿಂತ್ರೆ ಎಲ್ಲಾ ತೆಪ್ಪದಂಗೆ ತೇಲ್ತದೆ. ಮೊದ್ಲು ಗುಂಡಿ ತೆಗ್ದು, ತೂತಿನ ಪೈಪಿಟ್ಟು, ಮ್ಯಾಲೆ ಜಲ್ಲಿ ತುಂಬ್ಬೇಕು. ಬಚ್ಚಲ ಗೋಡೆ ಮಗ್ಗುಲಲ್ಲೇ ತೆಗುದ್ರೆ ಚರಂಡಿಗೆ ನೇರ."

"ಬ್ಯಾಡ. ದಾಸವಾಳದ ಕಡೀಕೆ ತೆಗಿ," ಎಂದರು ಸಿದ್ದರಾಜು.

"ಬಳಸು ದಾರಿ ಆಯ್ತದೆ. ಗಿಡಾನೂ ಕೀಳ್ಬೇಕು."

"ಕೀಳು ಕಣ್ಲಾ. ಗಿಡ ಏನ್ ನಿಮ್ಮಪ್ಪಂದಾ?"

ನಿಂಗರಾಜು ನಕ್ಕ. ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ ಸೊಸೆ ಪಲ್ಲವಿ ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ತಿರುಗಿದಳು.

ಎರಡು ವರ್ಷದ ಹಿಂದೆ ನಂಜನಗೂಡಿನ ಆಸ್ಪತ್ರೆಯಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿ, ಒಂದು ಹಗಲು ಉಸಿರಾಡಿ ಹೋಗಿತ್ತು. ಎಳೆಗೂಸನ್ನು ದೂರಕ್ಕೆ ಒಯ್ಯಬಾರದು, ಮನೆಯ ಮಣ್ಣಿಗೇ ಇಡಬೇಕು ಎಂಬುದು ಆ ಮನೆಯ ನಡೆ. ಮಹೇಂದ್ರ ಅವಳ ಮಂಚದ ಬಳಿಯೇ ಇದ್ದುದರಿಂದ ಸಿದ್ದರಾಜು ಒಬ್ಬರೇ ಕೂಸಿನ ಗಂಟನ್ನು ಎದೆಗೊತ್ತಿಕೊಂಡು ಆಟೋ ಹತ್ತಿದ್ದರು. ಸುತ್ತಲು ಬಟ್ಟೆ ಸಾಲದೆ ಪಲ್ಲವಿಯ ನೈಲಾನ್ ಸೀರೆಯ ಅರ್ಧವನ್ನೇ ಹರಿದಿದ್ದರು. ತಿಳಿನೀಲಿ, ಹಳದಿ ಹೂವಿನದು. ಇಟ್ಟ ಜಾಗವನ್ನು ಹೆತ್ತವಳಿಗೆ ತೋರಿಸಬಾರದು, ತೋರಿಸಿದರೆ ಅವಳು ಅಲ್ಲೇ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದೂ ಇತ್ತು. ಆದರೆ ಬಾಣಂತಿ ಕಾಡಿ ಬೇಡಿದಾಗ ಅತ್ತೆ ಮಂಚಮ್ಮ ತಡೆಯಲಾರದೆ, "ಅಗೋ, ದಾಸವಾಳದ ಬುಡದಲ್ಲಿ ಕಣಮ್ಮಿ. ನಿಮ್ಮ ಮಾವನ್ನ ಮಾತ್ರ ಕೇಳ್ಬ್ಯಾಡ," ಎಂದು ಬೆರಳು ಮಾಡಿದ್ದಳು.

ಅಂದಿನಿಂದ ಪಲ್ಲವಿ ಮಿಂದು ಬಂದವಳೇ ಮೊದಲ ತಂಬಿಗೆ ನೀರನ್ನು ಅಲ್ಲಿಗೆ ಎರೆಯುತ್ತಿದ್ದಳು, ದೇವರಿಗೆ ದೀಪ ಹಚ್ಚುವುದಕ್ಕೂ ಮುಂಚೆ. ಕೂಸಿಗೆ ತಂಪಾಗಲಿ ಎಂದು. ಸಿದ್ದರಾಜು ಜಗುಲಿಯಿಂದ ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಸೊಸೆ ಗಿಡಕ್ಕೆ ನೀರು ಹಾಕಿದರೆ ಅನ್ನುವುದೇನಿದೆ?

ಅಂಥ ಗಿಡವನ್ನೇ ಇವತ್ತು ಕೀಳು ಎಂದರಲ್ಲ. ಇಟ್ಟ ಕೈಯಲ್ಲೇ ಅಗೆಸುವ ಇವರ ಎದೆ ಎಂಥದು ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಸಿದ್ದರಾಜು ಹೊಸ ಬೀಗರ ಮನೆಗೆಂದು ಟಿ. ನರಸೀಪುರದ ಬಸ್ಸು ಹತ್ತಿದರು. ಪಲ್ಲವಿ ಗಂಡನ ಮುಂದೆ ನಿಂತಳು.

"ಆ ಗಿಡಕ್ಕೆ ಸನಿಕೆ ತಾಗಿಸಿದ್ರೆ ನಾನು ಈ ಮನೇಲಿ ಒಂದು ತುತ್ತು ತಿನ್ನಲ್ಲ."

ಮಹೇಂದ್ರನಿಗೆ ಅವಳ ಮುಖ ನೋಡಿಯೇ ತಿಳಿಯಿತು. ಅವನಿಗೂ ಜಾಗ ಗೊತ್ತಿದ್ದದ್ದು ಅವಳ ಬಾಯಿಂದಲೇ. "ಅಪ್ಪಂಗೆ ನಾನು ಯೋಳ್ಕೋತೀನಿ ಬುಡು," ಎಂದು ನಿಂಗರಾಜುವಿಗೆ ಫೋನು ಮಾಡಿದ: ದಾಸವಾಳ ಬಿಟ್ಟುಬಿಡು, ಬಚ್ಚಲ ಗೋಡೆ ಮಗ್ಗುಲಲ್ಲೇ ತೆಗಿ.

ಅಗೆತ ಶುರುವಾಯಿತು. ಪಲ್ಲವಿ ದಾಸವಾಳಕ್ಕೆ ನೀರೆರೆದು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿಂಡಿ ತಿಂದಳು. ತೆಗೆದ ಮಣ್ಣನ್ನು ಟ್ರ್ಯಾಕ್ಟರು ತುಂಬಿಕೊಂಡು ಹೋಯಿತು. ಯಾರದೋ ತಗ್ಗಿನ ಸೈಟಿಗೆ ಮಣ್ಣು ಬೇಕಿತ್ತಂತೆ. ಮಧ್ಯಾಹ್ನ ಅವಳು ಆಳುಗಳಿಗೆ ಮಜ್ಜಿಗೆ ಒಯ್ದಾಗ, ಗುಂಡಿಯಿಂದ ಎತ್ತಿದ ಒಂದು ಚಪ್ಪಡಿ ಕಲ್ಲು ಬಚ್ಚಲ ಗೋಡೆಗೆ ಒರಗಿತ್ತು. ಅದರ ಮೇಲೆ ಒಂದು ಬಟ್ಟೆ.

ಮಣ್ಣು ಮೆತ್ತಿತ್ತು. ಆದರೆ ನೈಲಾನು ಕೊಳೆತಿರಲಿಲ್ಲ. ಹಳದಿ ಹೂವು ಹಳದಿಯಾಗಿಯೇ ಇತ್ತು.

"ಇದ್ರೊಳ್ಗೆ ಏನಿತ್ತು?" ಎಂದಳು.

"ಏನಿಲ್ಲಕ್ಕ. ಕಲ್ಲಿನಡೀಲಿ ಸಿಕ್ತು. ಕೊಡವುದ್ರೆ ಬರೀ ಮಣ್ಣು," ಎಂದ ನಿಂಗರಾಜು.

"ಆ ಮಣ್ಣು?"

"ಬೆಳಗಿನ ಲೋಡಲ್ಲೇ ಓಯ್ತು."

ಅವಳು ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು ಗುಂಡಿಯ ಅಂಚಿನಲ್ಲಿ ಕೂತಳು. ಒಳಗಿನಿಂದ ಬಂದ ಮಂಚಮ್ಮ ಬಟ್ಟೆ ಕಂಡು ಬಾಯಿಗೆ ಸೆರಗು ಒತ್ತಿದಳು.

"ನಂಗೂ ಗೊತ್ತಿರ್ನಿಲ್ಲ ಕಣಮ್ಮಿ. ಅವ್ರು ನಂಗೂ ಯೋಳ್ನಿಲ್ಲ. ನೀನು ಅಂಗೆ ಅಳ್ತಿದ್ದೆ, ಕಣ್ಣಿಗೆ ಕಂಡ ಗಿಡ ತೋರುಸ್ಬುಟ್ಟೆ."

ಸಂಜೆ ಸಿದ್ದರಾಜು ಬಂದರು. ಕೈಯಲ್ಲಿ ಬೀಗರು ಕೊಟ್ಟ ಬಾಳೆಹಣ್ಣಿನ ಚೀಲ. ಬಚ್ಚಲ ಗೋಡೆಯುದ್ದಕ್ಕೂ ಬಾಯ್ದೆರೆದ ಗುಂಡಿ ಕಂಡರು, ಸೊಸೆಯ ಮಡಿಲು ಕಂಡರು. ಚೀಲ ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ದಾಸವಾಳದ ಕಡೀಕೆ ತೆಗಿ ಅಂದಿದ್ನಲ್ಲ ಕಣವ್ವಾ," ಎಂದರು. "ಅದ್ಕೇ ಅಂದಿದ್ದು."

"ಯಾಕೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಯೋಳ್ಬಾರ್ದು ಅಂತಿತ್ತಲ್ಲವ್ವಾ."

ಸಿದ್ದರಾಜು ಟಾರ್ಚು ಹಿಡಿದು ಮಣ್ಣು ಸುರಿದ ಆ ಸೈಟಿಗೆ ಹೋದರು. ಅಲ್ಲಿ ಆಗಲೇ ರೋಲರು ಓಡಿಸಿ ಸಮ ಮಾಡಿದ್ದರು. ಯಾವ ಲೋಡು ಎಲ್ಲಿ ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಬಂದವರು ಬಚ್ಚಲಲ್ಲಿ ಬಹಳ ಹೊತ್ತು ಕಾಲು ತೊಳೆದರು.

ನಿಶ್ಚಿತಾರ್ಥದ ಹಿಂದಿನ ದಿನ ಜೋರು ಮಳೆಯಾಯಿತು. ಬೆಳಿಗ್ಗೆಗೆ ಹಿತ್ತಲು ಒರೆಸಿಟ್ಟಂತಿತ್ತು. ಬೀಗರು ಚಪ್ಪಲಿ ಬಿಟ್ಟು ಹಸಿರು ಹುಲ್ಲಿನ ಮೇಲೆ ಓಡಾಡಿದರು. "ಒಂದು ತೊಟ್ಟು ನಿಂತಿಲ್ಲ ನೋಡಿ," ಎಂದು ಒಬ್ಬರು ಹೊಗಳಿದಾಗ ಸಿದ್ದರಾಜು ಎದ್ದು ಒಳಗೆ ಹೋದರು.

ಅವರೆಲ್ಲ ಬರುವ ಮುಂಚೆಯೇ ಪಲ್ಲವಿ ಮಿಂದು ತಂಬಿಗೆ ಹಿಡಿದು ಬಂದಿದ್ದಳು. ದಾಸವಾಳ ಮೂಲೆಯಲ್ಲಿ ಹೂ ಬಿಟ್ಟು ನಿಂತಿತ್ತು. ಅವಳು ಅದನ್ನು ದಾಟಿ ಬಚ್ಚಲ ಗೋಡೆಯ ಬಳಿ ಬಗ್ಗಿ, ಪ್ಲಾಸ್ಟಿಕ್ ಹುಲ್ಲಿನ ಮೇಲೆ ನೀರು ಎರೆದಳು. ನೀರು ಒಂದು ಗಳಿಗೆ ಹುಲ್ಲಿನ ಮೇಲೆ ಮಿನುಗಿ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ, ಪೈಪಿನ ಬಾಯಿಂದ ಅದು ಚರಂಡಿಗೆ ಬೀಳುವ ಸದ್ದು ಕೇಳಿಸಿತು.

ಅವಳು ತಂಬಿಗೆ ಬೋರಲು ಮಾಡಿ ಅಲ್ಲೇ ಇಟ್ಟು ಒಳಗೆ ಹೋದಳು.